ಸಿಂಧನೂರಿನಲ್ಲಿ ಕಡ್ಡಿ ಮುರಿದರೆ

ಚಳಿಗಾಲ ಬಂತೆಂದರೆ ನನಗೆ ಮೆಸೇಜುಗಳು ಶುರು. ಬೆಂಗಳೂರಿನಿಂದ ಹಂಪಿಗೆ, ಹಂಪಿಯಿಂದ ಬೀದರ್‌ಗೆ ಸೈಕಲ್ ತುಳಿಯಲು ಹೊರಟವರು ಕೇಳುವುದು ಒಂದೇ. "ನಿಮ್ಮ ಕಡೆ ಒಳ್ಳೆ ಸೈಕಲ್ ಶೋರೂಮ್ ಎಲ್ಲಿದೆ? ನಂಬಬಹುದಾ?" ನಾನು ಗಂಗಾವತಿಯವನು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳ ರಸ್ತೆ ತುಳಿದಿದ್ದೇನೆ. ಒಬ್ಬೊಬ್ಬರಿಗೂ ಬರೆದು ಬರೆದು ಸಾಕಾಗಿದೆ, ಅದಕ್ಕೆ ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೈಯಬೇಡಿ.

ನನ್ನ ಮಾತು ಇಷ್ಟೇ. ಈ ಕಡೆ ಟೂರ್ ಬರುವವರು ಗಾಜಿನ ಬಾಗಿಲಿನ ಶೋರೂಮಿಗಿಂತ ಬೇವಿನ ಮರದ ಕೆಳಗೆ ಪಂಪು ಇಟ್ಟುಕೊಂಡು ಕೂತಿರುವ ಮಿಸ್ತ್ರಿಯನ್ನು ಜಾಸ್ತಿ ನಂಬಬೇಕು. ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ಅವರಿಗೆ ಯಾವ ಕೆಲಸ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಮೊದಲೇ ತಿಳಿದಿರಬೇಕು. ನಿಮ್ಮ ಸೈಕಲ್ಲೂ ಅವರ ಕೈಗೆ ಒಗ್ಗುವಂತಿರಬೇಕು.

ಗಾಲಿಯಿಂದಲೇ ಶುರು ಮಾಡೋಣ. ಸಾಮಾನು ಹೇರಿದ ಸೈಕಲ್ಲಿನಲ್ಲಿ ಮೊದಲು ಕೈಕೊಡುವುದು ಹಿಂದಿನ ಗಾಲಿಯ ಕಡ್ಡಿ. ಅದರಲ್ಲೂ ಚೈನ್ ಇರುವ ಬಲಗಡೆಯ ಕಡ್ಡಿ. ಆ ಕಡೆ ಗೇರಿನ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕು. ಹಾಗಾಗಿ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತಿರುತ್ತವೆ, ಬಿಗಿಯೂ ಜಾಸ್ತಿ ಇರುತ್ತದೆ. ಮುರಿದರೆ ಹೊಸದು ಹಾಕಲು ಮೊದಲು ಕ್ಯಾಸೆಟ್, ಅಂದರೆ ಆ ಹಲ್ಲುಚಕ್ರಗಳ ಗೊಂಚಲು, ಬಿಚ್ಚಬೇಕು. ಅದಕ್ಕೆ ಬೇರೆಯದೇ ಟೂಲ್ ಬೇಕು, ಮಾಮೂಲಿ ಪಾನಾದಲ್ಲಿ ಆಗುವ ಕೆಲಸ ಅಲ್ಲ.

ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು, ಇದು ರಾಷ್ಟ್ರೀಯ ಹೆದ್ದಾರಿ 150ಎ. ಈ ದಾರಿಯಲ್ಲಿ ನನಗೆ ಇದೇ ಆಯಿತು. ದೊಡ್ಡ ಊರಿನ ಒಂದು ಶೋರೂಮಿನಲ್ಲಿ ತೋರಿಸಿದೆ. ಕೌಂಟರಿನಲ್ಲಿದ್ದ ಹುಡುಗ ಗಾಲಿ ಮುಟ್ಟಲೂ ಇಲ್ಲ. "ಪೂರ್ತಿ ವೀಲ್ ಚೇಂಜ್ ಮಾಡಬೇಕು ಸರ್, ಬೆಂಗಳೂರಿಂದ ತರಿಸಬೇಕು" ಎಂದ. ಒಂದು ಕಡ್ಡಿಗೆ ಪೂರ್ತಿ ಗಾಲಿ! ಬ್ರೇಕ್ ಸಡಿಲ ಮಾಡಿಕೊಂಡು, ಅಲ್ಲಾಡುವ ಗಾಲಿಯಲ್ಲೇ ನಿಧಾನಕ್ಕೆ ಸಿಂಧನೂರು ಮುಟ್ಟಿದೆ.

ಅಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಸಿಕ್ಕರು. ಕ್ಯಾಸೆಟ್ ಬಿಚ್ಚುವ ಟೂಲ್ ಅವರ ಹತ್ತಿರವೂ ಇರಲಿಲ್ಲ. ಗಾಲಿ ತಿರುಗಿಸಿದರು, ನೋಡಿದರು, ಮತ್ತೊಮ್ಮೆ ತಿರುಗಿಸಿದರು. ಡಬ್ಬಿಯಿಂದ ಒಂದು ಉದ್ದದ ಕಡ್ಡಿ ಆರಿಸಿ, ಅದರ ತಲೆ ಕತ್ತರಿಸಿ, ಪಕ್ಕಡದಲ್ಲಿ ಹಿಡಿದು ತುದಿಯನ್ನು ಎರಡು ಸಲ ಬಗ್ಗಿಸಿದರು. ಕೊಕ್ಕೆ ತಯಾರಾಯಿತು. ಕಡ್ಡಿಗೆ ತಲೆ ಇಲ್ಲವಲ್ಲ, ಹಾಗಾಗಿ ಕ್ಯಾಸೆಟ್ ಬಿಚ್ಚದೆಯೇ ಗಾಲಿಯ ನಡುವಿನ ಹಬ್ಬಿನ ತೂತಿಗೆ ಓರೆಯಾಗಿ ನುಗ್ಗಿ ಕೂತಿತು. ಆಮೇಲೆ ಸೈಕಲ್ ತಲೆಕೆಳಗೆ ನಿಲ್ಲಿಸಿ ಗಾಲಿಯ ಔಟ್, ಅಂದರೆ ಓಲಾಟ, ತೆಗೆದರು. ರಿಮ್ಮಿನ ಪಕ್ಕ ಒಂದು ಸೀಮೆಸುಣ್ಣದ ತುಂಡು ಹಿಡಿದು ಗಾಲಿ ತಿರುಗಿಸುವುದು, ಗುರುತು ಬಿದ್ದ ಕಡೆಯ ನಿಪ್ಪಲ್, ಅಂದರೆ ಕಡ್ಡಿಯ ತುದಿಯ ಪುಟ್ಟ ನಟ್ಟು, ಕಾಲು ಸುತ್ತು ಸಡಿಲ ಮಾಡುವುದು, ಎದುರು ಕಡೆಯದು ಅಷ್ಟೇ ಬಿಗಿ ಮಾಡುವುದು. ಮಾತಿಲ್ಲ. ಮುಗಿದ ಮೇಲೆ ಎಷ್ಟು ಅಂದರೆ ಮೂವತ್ತು ರೂಪಾಯಿ ಅಂದರು.

ಜಗತ್ತು ಸುತ್ತುವ ಸೈಕಲ್ಲಿಗರೂ ದಾರಿಯಲ್ಲಿ ಸಿಕ್ಕಿಬಿದ್ದಾಗ ಮಾಡುವುದು ಇದನ್ನೇ. ಅವರು ಇದಕ್ಕೆಂದೇ ಬಗ್ಗಿಸಿದ ಕಡ್ಡಿಗಳನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮ ಮಿಸ್ತ್ರಿಗೆ ಅದು ಕೈಯಲ್ಲೇ ಇತ್ತು. ಲಿಂಗಸುಗೂರು ದಾಟಿ ಎಷ್ಟೋ ದೂರ ಹೋದರೂ ಆ ಕಡ್ಡಿ ಅಲ್ಲಾಡಲಿಲ್ಲ.

ಇವರಿಗೆ ಈ ಕೈ ಬಂದದ್ದು ಹೇಗೆ? ಅಟ್ಲಾಸ್, ಹೀರೋ, ಹರ್ಕ್ಯುಲೆಸ್ ಸೈಕಲ್ಲುಗಳಿಂದ. ಹಳೆಯ ಕರಿ ಸೈಕಲ್ಲಿನ ಹಿಂದಿನ ಗಾಲಿಗೆ 40 ಕಡ್ಡಿ, ಮುಂದಿನದಕ್ಕೆ 32. ಅದರ ಮೇಲೆ ಭತ್ತದ ಚೀಲ, ಹಾಲಿನ ಕ್ಯಾನು, ಹೆಂಡತಿ ಮಕ್ಕಳು ಎಲ್ಲ ಹೇರಿದ ಕಾಲ ಅದು. ಅಂಥ ಗಾಲಿಗಳನ್ನು ದಿನವೂ ಕಟ್ಟಿದವರಿಗೆ ನಿಮ್ಮ ಗಾಲಿ ಯಾವ ಲೆಕ್ಕ? ಗಾಲಿ, ಬೇರಿಂಗಿನ ಬಾಲ್ಸು, ಗ್ರೀಸು, ಪಂಚರು, ಸೊಟ್ಟಗಾದ ಸ್ಟ್ಯಾಂಡು, ಇದರಲ್ಲಿ ಇವರನ್ನು ಮೀರಿಸುವವರಿಲ್ಲ. ಕ್ಯಾರಿಯರ್ ಮುರಿದರೆ ಇನ್ನೂ ಸುಲಭ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಸುತ್ತಲಿನ ಕ್ಯಾಂಪು ಎನ್ನುವ ರೈತರ ಹಳ್ಳಿಗಳಲ್ಲಿ ಟ್ರ್ಯಾಕ್ಟರು, ಭತ್ತದ ಮಶೀನು ರಿಪೇರಿಗೆ ವೆಲ್ಡಿಂಗ್ ಅಂಗಡಿ ಇದ್ದೇ ಇರುತ್ತದೆ. ಐದು ನಿಮಿಷದ ಕೆಲಸ. ಆದರೆ ಕ್ಯಾರಿಯರ್ ಸ್ಟೀಲಿನದಾಗಿರಬೇಕು. ಅಲ್ಯೂಮಿನಿಯಂ ಆದರೆ ಆ ವೆಲ್ಡಿಂಗ್ ಹಿಡಿಯುವುದಿಲ್ಲ. ಹಗುರ ಇರಲಿ ಅಂತ ದುಬಾರಿ ಅಲ್ಯೂಮಿನಿಯಂ ಕ್ಯಾರಿಯರ್ ಹಾಕಿಸಿಕೊಂಡು ಬರುವವರಿಗೆ ನಾನು ಹೇಳುವುದು ಒಂದೇ, ಇಲ್ಲಿ ಮುರಿದರೆ ಹಗ್ಗವೇ ಗತಿ.

ಇನ್ನು ಅವರಿಗೆ ಬಿಡಬಾರದ ಕೆಲಸ. ಮೊದಲನೆಯದು ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ಬ್ರೇಕ್. ಸೈಕಲ್ ಮಿಸ್ತ್ರಿ ಅದನ್ನು ಮುಟ್ಟುವುದಿಲ್ಲ, ಪಕ್ಕದ ಮೋಟಾರ್ ಬೈಕ್ ಗ್ಯಾರೇಜಿಗೆ ಕಳಿಸುತ್ತಾರೆ. ಅಲ್ಲಿದೆ ಅಪಾಯ. ಮೋಟಾರ್ ಬೈಕಿಗೆ ಹಾಕುವುದು ಡಾಟ್ ಫ್ಲೂಯಿಡ್ ಎಂಬ ಬ್ರೇಕ್ ದ್ರವ. ಸೈಕಲ್ಲಿನ ಶಿಮಾನೋ ಕಂಪನಿಯ ಬ್ರೇಕಿನ ಒಳಗೆ ಇರುವುದು ಮಿನರಲ್ ಆಯಿಲ್. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಬ್ರೇಕೇ ಹಾಳಾಗುತ್ತದೆ. ಉದ್ದದ ಟೂರಿಗೆ ವೈರಿನಲ್ಲಿ ಎಳೆಯುವ ಬ್ರೇಕೇ ವಾಸಿ. ಆ ವೈರು ಎಂಥ ಹಳ್ಳಿಯಲ್ಲೂ ಸಿಗುತ್ತದೆ.

ಎರಡನೆಯದು ಹಿಂದಿನ ಡಿರೈಲರಿನ, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗದ, ಎರಡು ಪುಟ್ಟ ಸ್ಕ್ರೂ, ಹೆಚ್ ಮತ್ತು ಎಲ್ ಅಂತ ಬರೆದಿರುತ್ತದೆ. ಗೇರ್ ಸರಿಯಾಗಿ ಬೀಳುತ್ತಿಲ್ಲ ಅಂದ ಕೂಡಲೇ ಕೆಲವರ ಸ್ಕ್ರೂಡ್ರೈವರ್ ನೇರ ಅಲ್ಲಿಗೇ ಹೋಗುತ್ತದೆ. ತಡೆಯಿರಿ. ಅಲ್ಲಿಯವರೆಗೆ ಸರಿಯಾಗಿ ಬೀಳುತ್ತಿದ್ದ ಗೇರು ದಾರಿಯಲ್ಲಿ ತಪ್ಪಿದರೆ ಸಾಮಾನ್ಯವಾಗಿ ವೈರು ಸಡಿಲ ಆಗಿರುತ್ತದೆ, ಇಲ್ಲ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಗ್ಗಿರುತ್ತದೆ. ವೈರಾದರೆ ಅದನ್ನು ಬಿಗಿ ಮಾಡುವ ಬ್ಯಾರಲ್ ಅರ್ಧ ಸುತ್ತು ತಿರುಗಿಸಿ ನೋಡಿದರೆ ಸಾಕು. ಎಲ್ ಸ್ಕ್ರೂ ಸಡಿಲ ಮಾಡಿಬಿಟ್ಟರೆ ಚೈನ್ ಹಲ್ಲು ದಾಟಿ ಕಡ್ಡಿಗಳ ಮಧ್ಯೆ ಬೀಳುತ್ತದೆ. ಸೈಕಲ್ಲನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದವರಿಗೆ ಹ್ಯಾಂಗರ್ ಬಗ್ಗುವುದು ಮಾಮೂಲು. ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ ಹ್ಯಾಂಗರ್, ರಾಯಚೂರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದು ಸ್ಪೇರ್ ಇಟ್ಟುಕೊಳ್ಳಿ, ಜೇಬಿನಲ್ಲಿ ಹಿಡಿಸುತ್ತದೆ. ಒಂದು ಒಳ್ಳೆಯ ಸುದ್ದಿಯೂ ಇದೆ. ಈಗಿನ ಶಾಲಾ ಹುಡುಗರು ತುಳಿಯುವುದು ಇಪ್ಪತ್ತೊಂದು ಗೇರಿನ ಸೈಕಲ್ಲು. ಅದರಿಂದ ಚಿಕ್ಕ ವಯಸ್ಸಿನ ಮಿಸ್ತ್ರಿಗಳು ಗೇರ್ ಕೆಲಸ ಚೆನ್ನಾಗಿಯೇ ಕಲಿತಿದ್ದಾರೆ. ಗೇರಿಗೆ ಹುಡುಗರ ಹತ್ತಿರ, ಗಾಲಿಗೆ ಅಜ್ಜಂದಿರ ಹತ್ತಿರ, ಇದು ನನ್ನ ಲೆಕ್ಕ.

ಟೈರಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಅಂಗಡಿಯಲ್ಲಿ ನೇತಾಡುವ 28 ಇಂಚಿನ ಟೈರ್ ನೋಡಿ ಖುಷಿ ಪಡಬೇಡಿ. ಕರಿ ಸೈಕಲ್ಲಿನ ಟೈರು ಕೂರುವ ಅಳತೆ 635 ಮಿ.ಮೀ., ನಿಮ್ಮ ಹೈಬ್ರಿಡ್‌ನದು 622. ಎರಡಕ್ಕೂ 28 ಅಂತಲೇ ಕರೆಯುತ್ತಾರೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಬರೆದ ಮೂರಂಕಿ ನೋಡಿ ತೆಗೆದುಕೊಳ್ಳಿ. ಹುಡುಗರ ದಪ್ಪ ಟೈರಿನ ಎಂಟಿಬಿಯ 26 ಇಂಚು, ಅಂದರೆ 559, ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಹೊಸದಾಗಿ ಟೂರಿಗೆ ಸೈಕಲ್ ತೆಗೆದುಕೊಳ್ಳುವವರು ನನ್ನನ್ನು ಕೇಳಿದರೆ 26 ಇಂಚು, 36 ಕಡ್ಡಿ ಅನ್ನುತ್ತೇನೆ. ಹಳೇ ಕಾಲದವನು ಅಂತ ನಗುತ್ತಾರೆ. ನಗಲಿ. ವಾಲ್ವ್ ಕೂಡ ಮೋಟಾರ್ ಬೈಕಿನಂಥದ್ದೇ ಇರಲಿ. ತೆಳ್ಳನೆಯ ಪ್ರೆಸ್ಟಾ ಆದರೆ ಪುಟ್ಟ ಹಿತ್ತಾಳೆ ಅಡಾಪ್ಟರ್ ಇಲ್ಲದೆ ಇಲ್ಲಿ ಯಾರೂ ಗಾಳಿ ಹಾಕಲಾರರು.

ಪಂಚರಂತೂ ಆಗಿಯೇ ಆಗುತ್ತದೆ. ರಸ್ತೆ ಬದಿಗೆಲ್ಲ ಬಳ್ಳಾರಿ ಜಾಲಿ. ತೋರಣಗಲ್ಲು, ಸಂಡೂರು ಕಡೆ ಲಾರಿ ಟೈರು ಸಿಡಿದು ಬಿದ್ದ ಸಣ್ಣ ಉಕ್ಕಿನ ತಂತಿಗಳು. ಆ ಕಡೆಯ ಅದಿರಿನ ಧೂಳು ಎಣ್ಣೆ ಹಚ್ಚಿದ ಚೈನಿಗೆ ಮೆತ್ತಿಕೊಂಡು ಸಾಣೆ ಹಿಡಿದ ಹಾಗೆ ತೇಯುತ್ತದೆ, ದಿನಾ ಸಂಜೆ ಒಣಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ರಾಯಚೂರು ಕಡೆ ಎರೆಮಣ್ಣಿನ ದಾರಿಗೆ ಇಳಿದರೆ ಮಡ್‌ಗಾರ್ಡಿನ ಸಂದಿಯಲ್ಲಿ ಮಣ್ಣು ತುಂಬಿ ಗಾಲಿ ತಿರುಗುವುದೇ ಇಲ್ಲ. ಅದಕ್ಕೆ ಯಾವ ಮಿಸ್ತ್ರಿಯೂ ಬೇಡ, ಒಂದು ಕೋಲು ಬೇಕು.

ಪಂಚರ್ ತೆಗೆಯುವುದನ್ನು ನೋಡಿಯೇ ಮಿಸ್ತ್ರಿ ಎಂಥವರು ಅಂತ ಗೊತ್ತಾಗುತ್ತದೆ. ಒಳ್ಳೆಯವರು ಟ್ಯೂಬಿಗೆ ತೇಪೆ ಹಾಕಿ ಸುಮ್ಮನಾಗುವುದಿಲ್ಲ, ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ತುದಿ ಹುಡುಕುತ್ತಾರೆ. ಸಲೂಷನ್ ಹಚ್ಚಿದ ಮೇಲೆ ಒಣಗಲು ಬಿಡುತ್ತಾರೆ. ಗಡಿಬಿಡಿಯಲ್ಲಿ ಹಸಿಯ ಮೇಲೇ ಒತ್ತಿದ ತೇಪೆ ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೆ ಬಿಟ್ಟುಕೊಳ್ಳುತ್ತದೆ. ಬಿಚ್ಚಿದ ಬಾಲ್ಸುಗಳನ್ನು ಸೀಮೆಎಣ್ಣೆ ಬಟ್ಟಲಿಗೆ ಹಾಕುತ್ತಾರಾ, ನೆಲಕ್ಕೆ ಸುರಿಯುತ್ತಾರಾ ನೋಡಿ. ಪಾನಾ ಎತ್ತುವ ಮೊದಲು ಗಾಲಿ ತಿರುಗಿಸಿ ನೋಡುವವರು, "ಇದು ನನಗೆ ಬರಂಗಿಲ್ರಿ" ಅಂತ ಮುಖಕ್ಕೇ ಹೇಳುವವರು, ಇವರಿಗೆ ಧೈರ್ಯವಾಗಿ ಸೈಕಲ್ ಕೊಡಿ. ಎಲ್ಲದಕ್ಕೂ "ಆಗುತ್ತೆ ಬಿಡಿ" ಅನ್ನುತ್ತಾ ಸುತ್ತಿಗೆ ಹುಡುಕುವವರಿಂದ ನಗುತ್ತಲೇ ಜಾಗ ಖಾಲಿ ಮಾಡಿ. ಮತ್ತೆ, ಯಾರೇ ಆಗಲಿ, ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ಕೂತಿರಿ. ಸೈಕಲ್ ಬಿಟ್ಟು ಮಿರ್ಚಿ ಮಂಡಕ್ಕಿ ತಿನ್ನಲು ಹೋದರೆ ಬರುವಷ್ಟರಲ್ಲಿ ಯಾವ ಸ್ಕ್ರೂ ತಿರುಗಿರುತ್ತದೋ ಹೇಳಲಾಗದು.

ದುಡ್ಡಿನ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಲಕ್ಷ ರೂಪಾಯಿ ಸೈಕಲ್ಲಿನಲ್ಲಿ ಬಂದವರು ಮೂವತ್ತು ರೂಪಾಯಿಗೆ ಚೌಕಾಸಿ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ಜನ ಬೆಂಗಳೂರಿನಲ್ಲಿ ಸರ್ವಿಸಿಗೆ ಸಾವಿರಗಟ್ಟಲೆ ಮರುಮಾತಿಲ್ಲದೆ ಕೊಡುತ್ತಾರೆ. ಈ ಕಸುಬು ನಿಂತ ನೀರಾಗಿಲ್ಲ, ಬತ್ತುತ್ತಿದೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿ ಹಳ್ಳಿಯ ಪಂಚರ್ ಅಂಗಡಿಗೂ ಜೀವ ಬಂದಿತ್ತು. ಕೋವಿಡ್ ಬಂದ ಮೇಲೆ ಅದೂ ನಿಂತಿತು. ಹಾಲಿನವರು, ಪೇಪರಿನವರು ಮೋಟಾರ್ ಬೈಕಿಗೆ ಹತ್ತಿದ್ದಾರೆ. ಮಿಸ್ತ್ರಿಗಳ ಮಕ್ಕಳು ಮೊಬೈಲ್ ರಿಪೇರಿಗೆ ಕೂತಿದ್ದಾರೆ, ಅವರದೇನು ತಪ್ಪು? ಕೇಳಿದ್ದಕ್ಕಿಂತ ಜಾಸ್ತಿ ಕೊಡಿ. ದಾನ ಅಂತ ಅಲ್ಲ, ಆ ಕೆಲಸದ ಬೆಲೆಯೇ ಅಷ್ಟು.

ಭಾರಿ ಏನಾದರೂ ಕೈಕೊಟ್ಟರೆ ಗಾಬರಿ ಬೇಡ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರಕ್ಕೂ ರೈಲಿದೆ. ಬೆಂಗಳೂರಿನ ಗೆಳೆಯರಿಗೆ ಫೋನ್ ಮಾಡಿ, ಬೇಕಾದ ಪಾರ್ಟನ್ನು ರಾತ್ರಿ ಬಸ್ಸಿನ ಪಾರ್ಸೆಲ್ಲಿಗೆ ಹಾಕಿಸಿ. ಕ್ಯಾಸೆಟ್ ಟೂಲ್, ಎರಡು ಅಳತೆಯ ನಾಲ್ಕಾರು ಕಡ್ಡಿ, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್ ನಿಮ್ಮ ಬ್ಯಾಗಿನಲ್ಲೇ ಇದ್ದರೆ ಆ ಫೋನೂ ಬೇಡ. ಟೂಲ್ ನಿಮ್ಮದು, ಕೈ ಅವರದು.

ಕೊನೆಗೆ, ದಿನ ನೋಡಿಕೊಂಡು ಹೊರಡಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಎರಡೂವರೆ ಮೂರಕ್ಕೆ ಮತ್ತೆ ತೆಗೆಯುತ್ತಾರೆ, ಕಾಯಬಹುದು. ಜನವರಿಯಲ್ಲಿ ಗವಿಮಠದ ಜಾತ್ರೆ ಇದ್ದರೆ ಕೊಪ್ಪಳದಲ್ಲಿ ರಿಪೇರಿ ಮರೆತು ತೇರು ನೋಡಿ. ಅಮಾವಾಸ್ಯೆಗೆ ಮಾತ್ರ ಕಾಯ್ದು ಪ್ರಯೋಜನವಿಲ್ಲ. ಅವತ್ತು ನಮ್ಮ ಕಡೆ ಬಹಳಷ್ಟು ಮಿಸ್ತ್ರಿಗಳು ಪಾನಾ ಮುಟ್ಟುವುದೇ ಇಲ್ಲ.