ಟ್ಯಾಂಕಿಗೂ ಉಸಿರು ಬೇಕು

ಹೋದ ವಾರ ನನ್ನ ಪಿಕಪ್ಪಿನ ಫೋಟೋ ಹಾಕಿದಾಗಿನಿಂದ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. "ಅಣ್ಣಾ, ಹಿಂದೆ ಕೂರಿಸಿರೋ ಎರಡನೇ ಟ್ಯಾಂಕ್ ಎಷ್ಟು ಲೀಟರ್?" 60 ಗ್ಯಾಲನ್, ಅಂದ್ರೆ 227 ಲೀಟರ್. ಆದ್ರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಎಲ್ಲರೂ ಅದನ್ನೇ ಮೊದಲು ಕೇಳ್ತಿದ್ದಾರೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನನ್ನದು ಹಳೇ ಫೋರ್ಡ್ ಎಫ್-250 ಡೀಸೆಲ್. ಹಿಂದಿನ ತೊಟ್ಟಿ ತೆಗೆಸಿ ಫ್ಲಾಟ್‌ಬೆಡ್, ಅಂದ್ರೆ ಪಕ್ಕದ ಗೋಡೆಯಿಲ್ಲದ ಚಪ್ಪಟೆ ಹಾಸು, ಹಾಕಿಸಿದ್ದೀನಿ. ಬೇಸಿಗೆಯಲ್ಲಿ ಟ್ರೇಲರ್ ಕಟ್ಟಿಕೊಂಡು ಅಲಾಸ್ಕಾಕ್ಕೆ ಹೋಗಬೇಕು. ಅಲ್ಲಿ ಡಾಲ್ಟನ್ ಹೈವೇಯಲ್ಲಿ ಕೋಲ್ಡ್‌ಫುಟ್ ಬಿಟ್ಟರೆ ಡೆಡ್‌ಹಾರ್ಸ್‌ವರೆಗೆ 240 ಮೈಲಿ ಒಂದೂ ಬಂಕ್ ಇಲ್ಲ. 386 ಕಿ.ಮೀ.! ಬೆಂಗಳೂರು ಬಿಟ್ಟವರು ಅಷ್ಟೊತ್ತಿಗೆ ಹಾವೇರಿ ದಾಟಿರ್ತಾರೆ. ಟ್ರೇಲರ್ ಎಳೆಯುವಾಗ ನನ್ನ ಗಾಡಿಯ ಮೈಲೇಜ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಹಾಗಾಗಿ ಈ ಟ್ಯಾಂಕ್ ಶೋಕಿಗೆ ಇಟ್ಟಿದ್ದಲ್ಲ.

ಮೊದಲು ತೂಕ. ಡೀಸೆಲ್ ಲೀಟರಿಗೆ ಸುಮಾರು 840 ಗ್ರಾಂ. 227 ಲೀಟರ್ ತುಂಬಿಸಿದರೆ 190 ಕೆ.ಜಿ., ಟ್ಯಾಂಕಿನ ತೂಕ ಬೇರೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಗಾಡಿ ಎಷ್ಟು ಹೊರಬಹುದು ಅಂತ ಬರೆದಿರುತ್ತೆ. ಅದನ್ನು ಓದದೆ ಟ್ಯಾಂಕ್ ಕೊಳ್ಳಬೇಡಿ. ಕೂರಿಸೋದು ಕ್ಯಾಬಿನ್ನಿಗೆ ಒತ್ತಿ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಟ್ಯಾಂಕಿನ ಒಳಗೆ ಡೀಸೆಲ್ ಓಲಾಡದಂತೆ ತಡೆಯೋ ಅಡ್ಡ ತಗಡು ಇರಲೇಬೇಕು. ಅರ್ಧ ತುಂಬಿದ ನೀರಿನ ಟ್ಯಾಂಕರ್ ಬ್ರೇಕ್ ಹಾಕಿದಾಗ ಮುಂದಕ್ಕೆ ದಬ್ಬೋದನ್ನ ನೋಡಿದ್ದವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಇನ್ನು ಉಸಿರು. ನಮ್ಮಪ್ಪ ದಾವಣಗೆರೆ ಪಿ.ಬಿ. ರಸ್ತೆಯಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದವರು. "ಟ್ಯಾಂಕಿಗೂ ಉಸ್ರು ಬೇಕಲೇ" ಅಂತಿದ್ರು. ನನ್ನದು ಮೇಲಿನ ಟ್ಯಾಂಕಿನಿಂದ ಡೀಸೆಲ್ ತಾನಾಗೇ ಕೆಳಗಿನ ಮೂಲ ಟ್ಯಾಂಕಿಗೆ ಇಳಿಯೋ ವ್ಯವಸ್ಥೆ. ಡೀಸೆಲ್ ಇಳಿದಷ್ಟೂ ಮೇಲಿನ ಟ್ಯಾಂಕಿಗೆ ಗಾಳಿ ಬರಬೇಕು, ಅದಕ್ಕೊಂದು ಗಾಳಿ ಪೈಪ್ ಇರುತ್ತೆ. ಮೊದಲ ಸಲ ಕೂರಿಸಿದ ಗ್ಯಾರೇಜಿನವರು ಆ ಪೈಪನ್ನ ಫ್ಲಾಟ್‌ಬೆಡ್ಡಿನ ಅಡ್ಡಪಟ್ಟಿ ಕೆಳಗೆ ಅದುಮಿಬಿಟ್ಟಿದ್ದರು. ಯೂಟಾದಲ್ಲಿ, ಗ್ರೀನ್ ರಿವರ್ ಊರು ದಾಟಿದ ಮೇಲೆ, ಮೂಲ ಟ್ಯಾಂಕಿನ ಮುಳ್ಳು ಇಳೀತಾನೇ ಹೋಯ್ತು, ಎಂಜಿನ್ ನಿಂತಿತು. ಮೇಲೆ ಹತ್ತಿ ಎರಡನೇ ಟ್ಯಾಂಕಿನ ಮುಚ್ಚಳ ತಿರುವಿದರೆ "ಸ್ಸ್ಸ್" ಅಂತ ಗಾಳಿ ಒಳಗೆಳೆದುಕೊಂಡಿತು. ಒಳಗೆ ಮುಕ್ಕಾಲು ಡೀಸೆಲ್ ಹಾಗೇ ನಿಂತಿದೆ! ಡೀಸೆಲ್ ಗಾಡಿ ಖಾಲಿಯಾಗಿ ನಿಂತರೆ ಲೈನಿನಲ್ಲಿ ಏರ್ ಹಿಡಿಯುತ್ತೆ. ಕೀ ಆನ್ ಮಾಡಿ ಪಂಪ್ ಓಡಿಸಿ, ಆಫ್ ಮಾಡಿ, ಮತ್ತೆ ಓಡಿಸಿ, ಒಂದು ಗಂಟೆ ಹೋಯ್ತು. ಮಕ್ಕಳು ಬಿಸಿಲಲ್ಲಿ ಕೂತಿದ್ದರು. ಆ ಗಂಟೆ ಮರೆಯಲಾರೆ.

ಇದರ ಉಲ್ಟಾನೂ ಆಗುತ್ತೆ. ಮೂಲ ಟ್ಯಾಂಕ್ ತುಂಬಿದ ಕೂಡಲೇ ಹರಿವು ನಿಲ್ಲಿಸೋ ಫ್ಲೋಟ್ ವಾಲ್ವ್ ಇಲ್ಲದಿದ್ದರೆ ಡೀಸೆಲ್ ಇಳೀತಾನೇ ಇದ್ದು ಕೊನೆಗೆ ನೆಲಕ್ಕೆ ಸುರಿಯುತ್ತೆ. ದುಡ್ಡು ಉಳಿಸೋಕೆ ಆ ವಾಲ್ವ್ ಬಿಡಬೇಡಿ.

ಪೆಟ್ರೋಲ್ ಗಾಡಿಯವರಿಗೆ ಕೈಮುಗಿದು ಹೇಳ್ತೀನಿ, ಡೀಸೆಲ್ಲಿಗೆ ಮಾಡಿದ ಟ್ಯಾಂಕನ್ನ ನಿಮ್ಮ ಗಾಡಿಗೆ ಹಾಕಬೇಡಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಡೀಸೆಲ್ 50 ಡಿಗ್ರಿ ದಾಟಬೇಕು. ಕ್ಯಾನ್ ತುಂಬಿಸೋವಾಗಲೂ ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಿ. ತೊಟ್ಟಿಯ ಪ್ಲಾಸ್ಟಿಕ್ ಹಾಸಿನ ಮೇಲೆ ಸ್ಥಾಯಿ ವಿದ್ಯುತ್ತು ಸೇರಿ ಬೆಂಕಿ ಹತ್ತಿದ್ದುಂಟು.

ಜಾಗದ ವಿಷಯವೂ ಚಿಕ್ಕದಲ್ಲ. 1973ರಿಂದ 1987ರವರೆಗಿನ ಜಿಎಂ (ಜನರಲ್ ಮೋಟರ್ಸ್) ಪಿಕಪ್‌ಗಳಲ್ಲಿ ಟ್ಯಾಂಕ್ ಚಾಸಿಯ ಹೊರಗೆ, ಪಕ್ಕಕ್ಕಿತ್ತು. ಪಕ್ಕದಿಂದ ಗುದ್ದಿದಾಗ ಬೆಂಕಿ ಹತ್ತೋ ಬಗ್ಗೆ ವರ್ಷಗಟ್ಟಲೆ ಕೇಸು ನಡೆದವು. ಅದನ್ನ ಓದಿದ ಮೇಲೆ ಪಕ್ಕಕ್ಕೆ ನೇತುಹಾಕೋ ಟ್ಯಾಂಕ್ ನನಗೆ ಬೇಡವೇ ಬೇಡ ಅನಿಸಿತು.

ಈಗ ಗಾಳಿ ಪೈಪನ್ನ ನಾನೇ ಕ್ಯಾಬಿನ್ ಹಿಂದೆ ಎತ್ತರಕ್ಕೆ ಎಳೆದಿದ್ದೀನಿ. ಅಪ್ಪನಿಗೂ ಫೋಟೋ ಕಳಿಸಿದೆ. ರಾತ್ರಿ ಫೋನ್ ಮಾಡಿದರು. ಪೈಪಿನ ಮಾತೇ ಇಲ್ಲ. "ಟ್ಯಾಂಕ್ ಬಿಗಿದ ಪಟ್ಟಿ ಕೆಳಗೆ ರಬ್ಬರ್ ಎಲ್ಲಲೇ? ಜಲ್ಲಿ ರಸ್ತೇಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ತೂತು ಬೀಳುತ್ತೆ, ಹಳೇ ಟ್ಯೂಬ್ ಕತ್ತರಿಸಿ ಹಾಕು." ಶನಿವಾರ ಪಟ್ಟಿ ಬಿಚ್ಚಿ ನೋಡಿದೆ. ಎರಡು ಕಡೆ ಬಣ್ಣ ಆಗಲೇ ಹೋಗಿ ಕಬ್ಬಿಣ ಹೊಳೀತಿತ್ತು.