ರೈಲು ಬಂತು, ರಜೆ ಹೋಯ್ತು

ಬಾಂಬೆಯ ನಮ್ಮ ಚಾಳಿನಲ್ಲಿ "ಬೇಸಿಗೆ ರಜೆಗೆ ಎಲ್ಲಿಗೆ?" ಅಂತ ಯಾರೂ ಕೇಳುತ್ತಿರಲಿಲ್ಲ. "ಊರಿಗೆ ಯಾವಾಗ?" ಅಷ್ಟೇ. ಊರು ಅಂದರೆ ಉಡುಪಿ ಕಡೆ.

ಇದರ ಬೇರು ಹೋಟೆಲಿನಲ್ಲಿದೆ. ಮಾಟುಂಗದಲ್ಲಿ ಎ. ರಾಮ ನಾಯಕರ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಅದಕ್ಕೂ ಮೊದಲಿಂದಲೇ ನಮ್ಮ ಕಡೆಯ ಹುಡುಗರು ಹಗಲು ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಗೆ ಹೋಗಿ ಬಾಂಬೆಯಲ್ಲಿ ಬೇರು ಬಿಟ್ಟಿದ್ದರು. ಅವರೆಲ್ಲ ಒಂಟಿ ಗಂಡಸರು. ಒಂದು ಖೋಲಿ ಮಾಡಿ ಹೆಂಡತಿಯನ್ನು ಕರೆಸಿಕೊಂಡ ಮೇಲೆಯೇ ರಜೆಯಲ್ಲಿ ಊರಿಗೆ ಹೋಗುವ ನಮ್ಮಂಥ ಮಕ್ಕಳು ಹುಟ್ಟಿದ್ದು.

ಆಗಿನ ಹೈವೇ 17ರಲ್ಲಿ ಒಂದು ಹಗಲು, ಒಂದು ರಾತ್ರಿ ಬಸ್ಸು. ಕಶೇಡಿ ಘಾಟಿ ಬಂತೆಂದರೆ ಅಮ್ಮ ಪ್ಲಾಸ್ಟಿಕ್ ಚೀಲ ಹಿಡಿದು ರೆಡಿ. ಅಷ್ಟು ವಾಂತಿ ಮಾಡಿಕೊಂಡು ಹೋದವರು ನಾಲ್ಕು ದಿನಕ್ಕೆ ವಾಪಸ್ ಬರುತ್ತಾರಾ? ಒಂದೂವರೆ ತಿಂಗಳು ಅಲ್ಲೇ.

ನಮ್ಮದು ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಮನೆತನ ಸಾಗುವ ಪದ್ಧತಿ. ಅಜ್ಜಿ ಮನೆಯೇ ಅಮ್ಮನ ಮನೆ, ನಮ್ಮ ಮನೆ. ಬಂದ ಮರುದಿನವೇ ಅಮ್ಮ ಸೀರೆ ಎತ್ತಿ ಕಟ್ಟಿ ಹಲಸಿನ ಹಪ್ಪಳಕ್ಕೆ ಕೂರುತ್ತಿದ್ದಳು. ತೊಳೆ ಬಿಡಿಸುವುದು, ಬೇಯಿಸುವುದು, ಕಡೆಯುವುದು, ಒತ್ತುವುದು. ಚಾಪೆ ಮೇಲೆ ಒಣಹಾಕಿದರೆ ಕಾಗೆ ಓಡಿಸುವ ಡ್ಯೂಟಿ ನಮ್ಮದು. (ಅರ್ಧ ಹಪ್ಪಳ ಹಸಿಯಾಗಿಯೇ ನಮ್ಮ ಹೊಟ್ಟೆ ಸೇರುತ್ತಿತ್ತು, ಪಾಪ ಕಾಗೆಗೆ ಹೆಸರು.) ರಾತ್ರಿ ಯಕ್ಷಗಾನದ ಆಟ ನೋಡಲು ಗದ್ದೆಗೆ. ಮೇ ಕೊನೆಯಲ್ಲಿ ಪತ್ತನಾಜೆ, ಅಂದರೆ ಆ ವರ್ಷದ ಆಟ ಮುಗಿಸುವ ದಿನ, ಬಂದು ಮೇಳಗಳು ಗೆಜ್ಜೆ ಬಿಚ್ಚಿದರೆ ನಮಗೂ ಮಂಕು. ಜೂನ್ ಬರುತ್ತಿದ್ದ ಹಾಗೆ ಊರಿನ ಮಕ್ಕಳಿಗೆ ಶಾಲೆ ಶುರು. ಮಹಾರಾಷ್ಟ್ರದ ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ. ಹಾಗಾಗಿ ಮೊದಲ ಮಳೆಗೆ ಜಗಲಿಯಲ್ಲಿ ಕೂತಿರುವುದು ಬಾಂಬೆ ಮಕ್ಕಳು ಮಾತ್ರ.

ಇವತ್ತು ಎಲ್ಲರೂ "ಅಜ್ಜಿ ಮನೆ ರಜೆ" ಅಂತ ಕಣ್ಣೀರು ಹಾಕುತ್ತಾ ಮೊಬೈಲನ್ನು ಬೈಯುತ್ತಾರೆ. ನನ್ನ ಅನುಮಾನ ಬೇರೆ. 1998ರ ಜನವರಿ 26ರಂದು ಕೊಂಕಣ ರೈಲು ಇಡೀ ದಾರಿಗೆ ಉದ್ಘಾಟನೆಯಾಯಿತು. ನಾವು ಪಟಾಕಿ ಹೊಡೆಯುವುದೊಂದು ಬಾಕಿ. ಆಮೇಲೆ ನೋಡಿ, ರಾತ್ರಿ ಮಲಗಿದರೆ ಬೆಳಿಗ್ಗೆ ಊರು. ದೈವದ ನೇಮಕ್ಕೆ ಎರಡು ದಿನ, ಮದುವೆಗೆ ಮೂರು ದಿನ. ಹೋಗುವುದು ಜಾಸ್ತಿ ಆಯಿತು, ಇರುವುದು ಕಮ್ಮಿ ಆಯಿತು. ಕಷ್ಟದ ದಾರಿಯೇ ನಮ್ಮನ್ನು ಅಲ್ಲಿ ಹಿಡಿದು ಕೂರಿಸಿತ್ತು ಅಲ್ವಾ? ರೈಲು ಬೇಡ ಅನ್ನುತ್ತಿಲ್ಲ ಮಾರಾಯ್ರೆ. ಆ ಚೀಲ ಹಿಡಿದ ಅಮ್ಮನಿಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಎರಡು ದಿನಕ್ಕೆ. ಅಮ್ಮ ಸುಮ್ನೆ ಅಡುಗೆ ಮನೆಗೆ ಹೋಗಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ ಎಳೆದುಕೊಂಡಳು. ಮಾವನ ಸೊಸೆ ಓಡಿ ಬಂದು, "ಅಯ್ಯೋ, ನೀವು ಹೊರಗೆ ಕೂತ್ಕೊಳ್ಳಿ, ಬಾಯಾರಿಕೆ ತರ್ತೇನೆ" ಅಂದಳು. ಪ್ರೀತಿಯಿಂದಲೇ ಅಂದದ್ದು. ಅಮ್ಮ ಜಗಲಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಳು. ಗ್ಲಾಸಿನಲ್ಲಿ ಜ್ಯೂಸ್ ಬಂತು, ಅಡಿಗೊಂದು ಬಸಿ ಇಟ್ಟು.