ಅಂಗಡಿಯ ಹರಿತ, ಅಂಗಡಿಯ ಮೆತ್ತನೆ

ನಿನ್ನೆ ಸಂಜೆ ಮನೆಸಾಮಾನಿನ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆ. ಚಾಕುಗಳ ಸಾಲು, ಅದರ ಪಕ್ಕಕ್ಕೇ ದಿಂಬುಗಳ ಸಾಲು. ಅಂಗಡಿಯ ಹುಡುಗ ಒಂದು ಬಿಳಿ ಹಾಳೆ ಎತ್ತಿ ಹಿಡಿದು ಚಾಕುವಿನಿಂದ ಸರ್ರನೆ ಸೀಳಿ ತೋರಿಸಿದ. ನೋಡುತ್ತಾ ನಿಂತಿದ್ದ ಗಂಡ ಹೆಂಡತಿ ಬೆರಗಾದರು. ಆಮೇಲೆ ಅವನು ಈ ಕಡೆ ತಿರುಗಿ ಮೆಮೊರಿ ಫೋಮ್ ದಿಂಬಿನ ಮೇಲೆ ಅಂಗೈ ಒತ್ತಿದ. ಕೈ ತೆಗೆದ ಮೇಲೆ ಅದರ ಅಚ್ಚು ನಿಧಾನಕ್ಕೆ ಮೇಲೆದ್ದು ಬಂತು. ಮತ್ತೆ ಬೆರಗು. ಎರಡೂ ಬುಟ್ಟಿಗೆ ಬಿದ್ದವು.

ನನಗೆ ಸಿಟ್ಟು ಬಂತು. ಆ ಹುಡುಗನ ಮೇಲಲ್ಲ, ಅವನು ಅವನ ಕೆಲಸ ಮಾಡಿದ. ನಾವು ಈ ಎರಡು ವಸ್ತುಗಳನ್ನು ಆರಿಸುವ ರೀತಿ ಇದೆಯಲ್ಲ, ಅದರ ಮೇಲೆ.

ನನ್ನ ಚಾಕು ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಹೆಂಗಸಿಗೆ ಇದೆಲ್ಲ ಯಾಕೆ ಅಂತ ಕೇಳಿದವರಿಗೆ ಹಿಂದೆಯೇ ಉತ್ತರ ಕೊಟ್ಟಿದ್ದೇನೆ, ಮತ್ತೆ ಆ ಮಾತು ಬೇಡ. ಇವತ್ತು ಹೇಳಬೇಕಾದದ್ದು ಒಂದೇ. ಹೊಸ ಚಾಕು ಹಾಳೆ ಕೊಯ್ಯುವುದು ದೊಡ್ಡ ವಿಷಯವೇ ಅಲ್ಲ. ಫ್ಯಾಕ್ಟರಿಯಲ್ಲಿ ಆಗಷ್ಟೇ ಮಸೆದು ಬಂದ ಯಾವ ತಗಡೂ ಹಾಳೆ ಕೊಯ್ಯುತ್ತದೆ. ಹೊಸ ದಿಂಬು ಅಂಗೈಗೆ ಮೆತ್ತಗಿರುವುದೂ ಹಾಗೇ. ನಿಮ್ಮ ತಲೆ ಸುಮಾರು 5 ಕೆಜಿ ಭಾರ, ಅದು ರಾತ್ರಿಯಿಡೀ ಅಲ್ಲೇ ಇರುತ್ತದೆ. ಅಂಗೈ ಎರಡು ಸೆಕೆಂಡ್ ಒತ್ತಿ ಹೇಳಿದ್ದನ್ನು ಕುತ್ತಿಗೆ ಯಾಕೆ ಒಪ್ಪಬೇಕು?

ಚಾಕು ಮೊಂಡಾದಾಗ ಮತ್ತೆ ಹರಿತ ಮಾಡಿಕೊಳ್ಳಲು ನನ್ನ ಕೈಯಲ್ಲಿ ಆಗುತ್ತದಾ? ದಿಂಬು ಚಪ್ಪಟೆಯಾದಾಗ ಮತ್ತೆ ಎಬ್ಬಿಸಲು ಆಗುತ್ತದಾ? ತಗೊಳ್ಳುವ ಮೊದಲು ಕೇಳಬೇಕಾದದ್ದು ಇದನ್ನು. ಇದನ್ನೇ ಯಾರೂ ಕೇಳುವುದಿಲ್ಲ.

ನಮ್ಮ ಚಾಕುಪ್ರಿಯ ಗೆಳೆಯರೂ ಕೇಳುವುದಿಲ್ಲ, ಅದು ನನಗೆ ಇನ್ನೂ ಜಾಸ್ತಿ ಬೇಜಾರು. ಅವರಿಗೆ ಉಕ್ಕಿನ ಹೆಸರುಗಳೆಲ್ಲ ಬಾಯಿಪಾಠ. ಎಂ390, ಎಸ್90ವಿ, ರಾಕ್‌ವೆಲ್ ಗಡಸುತನದ ಅಳತೆಯಲ್ಲಿ 60, 62 ಅಂತ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಗಟ್ಟಿ ಉಕ್ಕಿನ ಹರಿತ ಬಹಳ ದಿನ ನಿಲ್ಲುತ್ತದೆ, ನಿಜ. ಎಸ್90ವಿ ಉಕ್ಕಿನಲ್ಲಿ ಶೇ. 9ರಷ್ಟು ವನೇಡಿಯಂ ಇದೆ. ಅದು ಇಂಗಾಲದ ಜೊತೆ ಸೇರಿ ಆಗುವ ಕಣಗಳು ಸಾಮಾನ್ಯ ಸಾಣೆ ಕಲ್ಲಿನ ಅಲ್ಯುಮಿನಿಯಂ ಆಕ್ಸೈಡಿಗಿಂತ ಗಟ್ಟಿ. ಆದರೆ ಆ ಚಾಕುವೂ ಒಂದು ದಿನ ಮೊಂಡಾಗುತ್ತದೆ. ಆಗ ನಿಮ್ಮ ಮನೆಯ ಕಲ್ಲಿಗೆ ಅದು ಬಗ್ಗುವುದಿಲ್ಲ. ವಜ್ರದ ಪುಡಿ ಕೂರಿಸಿದ ಪ್ಲೇಟೇ ಬೇಕು. ಎಷ್ಟು ಜನರ ಹತ್ತಿರ ಅದಿದೆ? ಮೊಂಡಾದ ಚಾಕು ಡಬ್ಬದೊಳಗೆ ಹೋಗುತ್ತದೆ, ಹೊಸದಕ್ಕೆ ಆರ್ಡರ್ ಹೋಗುತ್ತದೆ.

ಡಮಾಸ್ಕಸ್ ಅಂತ ಅಲೆಅಲೆ ಗೆರೆ ಇರುವ ಚಾಕುಗಳ ವಿಷಯವೂ ಇದೇ. ನಮ್ಮ ದಕ್ಷಿಣ ಭಾರತದ ಮೂಸೆಯಲ್ಲಿ ಕರಗಿಸಿದ ಉಕ್ಕು ಹಿಂದೆ ದೂರದ ದೇಶಗಳಿಗೆ ಹೋಗಿ ಡಮಾಸ್ಕಸ್ ಕತ್ತಿಯಾಗುತ್ತಿತ್ತು. ಅದರ ಗೆರೆ ಉಕ್ಕಿನ ಒಳಗಿಂದಲೇ ಹುಟ್ಟಿದ್ದು. ಈಗ ಮಾರುವುದು ಹೆಚ್ಚಿನವು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಆಸಿಡ್‌ನಂಥದರಲ್ಲಿ ಅದ್ದಿ ಗೆರೆ ಎಬ್ಬಿಸಿದವು. ಅಡುಗೆಮನೆಯ ಎಷ್ಟೋ ಚಾಕುಗಳಲ್ಲಿ ಗೆರೆ ಬರೀ ಎರಡು ಪಕ್ಕದ ಹೊದಿಕೆಯಲ್ಲಿರುತ್ತದೆ. ಕೊಯ್ಯುವ ಅಂಚು ನಡುವಿನ ಸಾದಾ ಉಕ್ಕು. ಟೊಮೆಟೊ ಮುಟ್ಟುವುದು ಆ ಸಾದಾ ಉಕ್ಕೇ ಅಲ್ವಾ?

ನಾನು ದಿನಾ ಬಳಸುವುದು ಫ್ರಾನ್ಸಿನ ಸವಾಯ್ ಪ್ರಾಂತ್ಯದ ಒಪಿನೆಲ್, 8ನೇ ನಂಬರಿನದು. 1890ರಿಂದ ಮಾಡುತ್ತಿರುವ ಮಡಚು ಚಾಕು. ಮರದ ಹಿಡಿ, ಅಲಗು ಅಲುಗದಂತೆ ತಿರುಗಿಸುವ ಒಂದು ಉಂಗುರ, ಅಷ್ಟೇ. ಸ್ಟೇನ್‌ಲೆಸ್ ಸಿಗುತ್ತದೆ, ಆದರೆ ನನ್ನದು ಕಾರ್ಬನ್ ಸ್ಟೀಲ್. ಮಾವಿನಕಾಯಿ ಕೊಯ್ದರೆ ಕಪ್ಪಾಗುತ್ತದೆ, ಒರೆಸದೆ ಬಿಟ್ಟರೆ ತುಕ್ಕು. ಆದರೆ ಸಾದಾ ಕಲ್ಲಿನ ಮೇಲೆ ಐದು ನಿಮಿಷ ಎಳೆದರೆ ಸಾಕು, ಮತ್ತೆ ಕೂದಲು ಬೋಳಿಸುವಷ್ಟು ಹರಿತ. ಕಲ್ಲು ಕೈಗೆ ಸಿಗದಿದ್ದರೆ ಪಿಂಗಾಣಿ ಕಪ್ ಬೋರಲು ಹಾಕಿ, ಅದರ ತಳದ ಒರಟು ಅಂಚಿಗೆ ನಾಲ್ಕು ಸಲ ಉಜ್ಜಿದರೂ ನಡೆಯುತ್ತದೆ.

ನಮ್ಮ ಮಲೆನಾಡಿನ ಕುಲುಮೆಯವರಿಗೆ ಇದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಕತ್ತಿ ಮಾಡುತ್ತಿದ್ದರು. ಆ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ. 0.6. ಹಲಸಿನಕಾಯಿ ಹೊಡೆದರೂ ಬಾಯಿ ಚಕ್ಕೆ ಏಳುವುದಿಲ್ಲ, ಹಿತ್ತಲ ಕಲ್ಲಿಗೆ ಮಸೆದರೆ ಬಾಯಿ ಬರುತ್ತದೆ. ಕೊಡಗಿನ ಮದುವೆಗಳಲ್ಲಿ ಬಾಳೆಯ ದಿಂಡು ಕಡಿಯುವ ಒಡಿಕತ್ತಿ ನೋಡಿ. ಅಗಲ ಅಲಗು, ಭಾರವೆಲ್ಲ ಮುಂದಕ್ಕೆ. ಒಂದೇ ಏಟಿಗೆ ತುಂಡಾಗುವುದು ಆ ಭಾರದಿಂದ. 62 ರಾಕ್‌ವೆಲ್‌ನ ತೆಳು ಜಪಾನಿ ಚಾಕು ತಂದು ತೆಂಗಿನಕಾಯಿ ಒಡೆದು, ಅಂಚು ಮುರಿಯಿತು ಅಂತ ಅಳುವವರು ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಈಗ ದಿಂಬು. ಇಲ್ಲಿ ನನ್ನ ಗೆಳೆಯರ ಮೇಲೆ ಸಿಟ್ಟು ದುಪ್ಪಟ್ಟು. ಅಲಗಿನ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುವವರು ತಮ್ಮ ದಿಂಬಿನ ಎತ್ತರ ಎಷ್ಟು ಅಂದರೆ ಸುಮ್ಮನಾಗುತ್ತಾರೆ. ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಹಾಸಿಗೆಗೂ ನಡುವೆ ಭುಜದಷ್ಟು ಜಾಗ ತುಂಬಬೇಕು. ಅಂಗಾತ ಮಲಗುವವರಿಗೆ ಅಷ್ಟು ಬೇಡ. ಬೋರಲು ಮಲಗುವವರಿಗೆ ಇನ್ನೂ ಕಡಿಮೆ. ಒಂದೇ ಅಚ್ಚಿನ ಫೋಮು ಎಲ್ಲರಿಗೂ ಹೇಗೆ ಹೊಂದುತ್ತದೆ? ಮೆಮೊರಿ ಫೋಮ್ ಹುಟ್ಟಿದ್ದು 1966ರಲ್ಲಿ, ನಾಸಾದ ಕೆಲಸಕ್ಕೆ, ವಿಮಾನದ ಸೀಟು ಮೆತ್ತಗಿರಲಿ ಅಂತ. ಒಳ್ಳೆಯ ವಸ್ತುವೇ. ಆದರೆ ಅದು ಚಳಿಗೆ ಗಟ್ಟಿಯಾಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಎಸಿ ಹಾಕಿದ ಅಂಗಡಿಯಲ್ಲಿ ಒತ್ತಿ ನೋಡಿದ್ದು ಏಪ್ರಿಲ್ ಸೆಕೆಯಲ್ಲಿ ಮನೆಯಲ್ಲಿ ಹಾಗೇ ಇರುವುದಿಲ್ಲ. ಒಮ್ಮೆ ಕುಸಿದರೆ ಕುಸಿದ ಹಾಗೆಯೇ. ಅದನ್ನು ರಿಪೇರಿ ಮಾಡುವವರು ಯಾರೂ ಇಲ್ಲ.

ಬೂರುಗದ ಹತ್ತಿಯ ದಿಂಬಿಗೆ ಬನ್ನಿ. ಅದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ತೆಳು ಪದರ. ಹಾಗಾಗಿ ಹಗುರ, ನೀರು ಬೇಗ ಹಿಡಿಯುವುದಿಲ್ಲ. ಹಿಂದೆ ಹಡಗಿನವರು ಲೈಫ್ ಜಾಕೆಟ್‌ಗೆ ಇಂಥದ್ದನ್ನೇ ತುಂಬುತ್ತಿದ್ದರು. ಬಳಸುತ್ತಾ ಅಮುಕುತ್ತದೆ, ಗಂಟಾಗುತ್ತದೆ. ಬಿಸಿಲಿಗೆ ಹಾಕಿ ಬಡಿದರೆ ಮತ್ತೆ ಅರಳುತ್ತದೆ. ಎತ್ತರ ಜಾಸ್ತಿ ಅನಿಸಿದರೆ ಹೊಲಿಗೆ ಬಿಚ್ಚಿ ಒಂದು ಹಿಡಿ ತೆಗೆಯಿರಿ, ಕಡಿಮೆ ಅನಿಸಿದರೆ ತುಂಬಿ. ಜಪಾನಿನ ಸಕಾಯ್ ಊರಿನ ಚಾಕುಗಳನ್ನು ದುಬಾರಿ ಬೆಲೆಗೆ ತರಿಸುವ ಗೆಳೆಯರಿಗೆ ಹೇಳುತ್ತೇನೆ, ಅದೇ ದೇಶದಲ್ಲಿ ಬಕ್‌ವೀಟ್ ಕಾಳಿನ ಹೊಟ್ಟು ತುಂಬಿದ ದಿಂಬೂ ಇದೆ. ಅದನ್ನೂ ಹೀಗೇ ಬಿಚ್ಚಿ ಕಟ್ಟಬಹುದು.

ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಗೊತ್ತಿಲ್ಲ. ಅಪ್ಪ ಹೋದ ಮೇಲೆ ಅವರ ದಿಂಬನ್ನು ಅಮ್ಮ ಎಸೆಯಲಿಲ್ಲ. ಪಿಂಜಾರರ ಹತ್ತಿರ ಕೊಟ್ಟು ಹತ್ತಿ ಹಿಂಜಿಸಿದಳು, ಹೊಸ ಬಟ್ಟೆ ಹೊಲಿಸಿದಳು. ಈಗ ನಾನು ಮಲಗುವುದು ಅದರ ಮೇಲೆ. ಹಾಗಾಗಿ ಯಾರಾದರೂ ಎರಡು ವರ್ಷಕ್ಕೊಮ್ಮೆ ದಿಂಬು ಬಿಸಾಡಿ ಅಂದರೆ ನನಗೆ ಮೈ ಉರಿಯುತ್ತದೆ.

ಕಮೆಂಟಿನಲ್ಲಿ ಏನು ಬರುತ್ತದೆ ಅಂತ ಗೊತ್ತು. "ಅಕ್ಕಾ, ಮಂಗಳೂರಿನ ಗಾಳಿಗೆ ಕಾರ್ಬನ್ ಸ್ಟೀಲ್ ಇಟ್ಟು ನೋಡಿ." ಸರಿ, ಅಲ್ಲಿ ಸ್ಟೇನ್‌ಲೆಸ್ ತಗೊಳ್ಳಿ. 56, 58 ರಾಕ್‌ವೆಲ್‌ನ ಸಾಮಾನ್ಯ ಜರ್ಮನ್ ಚಾಕು ಯಾವ ಕಲ್ಲಿಗೂ ಬಗ್ಗುತ್ತದೆ. ಧೂಳಿನ ಅಲರ್ಜಿ ಇರುವವರು ಹತ್ತಿ ಬೇಡ ಅಂದರೆ ನನ್ನ ತಕರಾರಿಲ್ಲ, ತೊಳೆಯಲು ಬರುವುದನ್ನು ಬಳಸಲಿ. ಆದರೆ "ಮಸೆಯಲು, ಬಿಸಿಲಿಗೆ ಹಾಕಲು ಟೈಮ್ ಎಲ್ಲಿದೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಚಾಕುವಿನ ವಿಡಿಯೋ ನೋಡಲು ಟೈಮ್ ಇದೆಯಲ್ಲ. ಸೈಕಲ್ ಮೇಲೆ ಸಾಣೆ ಹಿಡಿಯುವವರು ನಮ್ಮ ಬೀದಿಗೆ ಬರುವುದು ನಿಂತಿದೆ. ಹತ್ತಿ ಹಿಂಜುವವರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋಗಬೇಕು. ಅವರಿಗೆ ಕೆಲಸ ಕೊಡುವುದನ್ನು ನಾವು ನಿಲ್ಲಿಸಿದ್ದಕ್ಕೇ ಅವರು ಬರುತ್ತಿಲ್ಲ.

ಮಸೆಯುವುದು ಕಲಿಯಬೇಕು ಅನ್ನುವವರು ಈ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. 1000 ನಂಬರಿನ ಕಲ್ಲು, ನೀರು, ಹಳೇ ಬಟ್ಟೆ ನಾನಿಡುತ್ತೇನೆ. ಮನೆಯಲ್ಲಿ ಎಲ್ಲಕ್ಕಿಂತ ಮೊಂಡಾದ ಚಾಕು ನೀವು ತನ್ನಿ, ದಪ್ಪ ಪೇಪರಿನಲ್ಲಿ ಸುತ್ತಿಕೊಂಡು. ಈಳಿಗೆ ಮಣೆ ಆದರೂ ಪರವಾಗಿಲ್ಲ. ಪುಟ್ಟ ಮಕ್ಕಳನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.